ಮನೆಯಲ್ಲಿ ಕಲಿಯುವ ಮಗುವಿಗೆ ಯಾರ ಹೊತ್ತು?

ಮಗುವನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಓದಿಸುವ ತಂದೆತಾಯಿಯರು ಬೆಂಗಳೂರಿನಂಥ ನಗರಗಳಲ್ಲಿ ಈಗ ಅಲ್ಲಲ್ಲಿ ಸಿಗುತ್ತಾರೆ. ಮದ್ದೂರು ತಾಲ್ಲೂಕಿನ ಕೊಪ್ಪದಂಥ ಹೋಬಳಿ ಕೇಂದ್ರದಲ್ಲಿ ಇದೇ ಮಾತೆತ್ತಿದರೆ ಎರಡು ಪ್ರಶ್ನೆಗಳು ಥಟ್ಟನೆ ಬರುತ್ತವೆ: ಟಿ.ಸಿ. ಇಲ್ಲದ ಮಗುವಿನ ಮುಂದಿನ ಗತಿಯೇನು? ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ? ಎರಡೂ ನ್ಯಾಯವಾದ ಪ್ರಶ್ನೆಗಳೇ, ಎರಡಕ್ಕೂ ತಕ್ಕಮಟ್ಟಿನ ಉತ್ತರವಿದೆ. ಆದರೆ ಇವೆರಡಕ್ಕಿಂತ ದೊಡ್ಡದೊಂದು ಪ್ರಶ್ನೆ ಕೇಳಿಸಿಕೊಳ್ಳದೆ ಉಳಿದುಬಿಡುತ್ತದೆ. ಮನೆಯಲ್ಲಿ ಕಲಿಯುವ ಮಗುವಿಗಾಗಿ ದಿನವೂ ತನ್ನ ಹೊತ್ತನ್ನು ತೆಗೆದಿಡುವ ದೊಡ್ಡವರು ಯಾರು? ಅವರು ಕೊಟ್ಟ ಹೊತ್ತು ಮಗುವಿಗೆ ಸಾಲುತ್ತಿದೆಯೇ ಎಂದು ಮನೆಯ ಹೊರಗಿನಿಂದ ನೋಡುವವರು ಯಾರು? ಮನೆಕಲಿಕೆಯ ಒಳಿತು ಕೆಡುಕೆಲ್ಲ ಈ ಎರಡರ ಮೇಲೆ ನಿಂತಿದೆ ಎಂಬುದು ನನ್ನ ವಾದ. ಪಠ್ಯಪುಸ್ತಕ ಯಾವುದು, ಮಾಧ್ಯಮ ಯಾವುದು ಎಂಬುದೆಲ್ಲ ಆಮೇಲಿನ ಮಾತು.

ಮೊದಲು ಕಾನೂನನ್ನು ನೋಡೋಣ. 2002ರ 86ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 21ಎ ವಿಧಿ ಸೇರಿತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿಗೆ ತರಲು ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ, ಆದರೆ ಸೇರಿಸದವರಿಗೆ ಈ ಕಾಯ್ದೆ ಶಿಕ್ಷೆಯನ್ನು ವಿಧಿಸುವುದಿಲ್ಲ. ಮನೆಕಲಿಕೆಯನ್ನು ಅದು ಹೆಸರಿಸಿ ಒಪ್ಪಿಲ್ಲ, ಹೆಸರಿಸಿ ನಿಷೇಧಿಸಿಯೂ ಇಲ್ಲ. ಇನ್ನು ಪರೀಕ್ಷೆಯ ಮಾತು. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಇಂದಿನ ಎನ್‌ಐಒಎಸ್, 14 ವರ್ಷ ತುಂಬಿದವರಿಗೆ ಹತ್ತನೇ ತರಗತಿಗೆ ಸಮನಾದ ಪರೀಕ್ಷೆ ನಡೆಸುತ್ತದೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಅವಕಾಶವಿದ್ದು, ವಿಷಯಗಳನ್ನು ಒಂದೊಂದಾಗಿ ಮುಗಿಸಿಕೊಂಡು ಹೋಗಬಹುದು. ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟುವುದಂತೂ ನಮ್ಮ ಹಳ್ಳಿಗಳಿಗೆ ಹಳೆಯ ದಾರಿಯೇ. ಎಲ್ಲಕ್ಕಿಂತ ಮುಖ್ಯವಾದದ್ದು ಕಾಯ್ದೆಯ 4ನೇ ಕಲಂ: ಶಾಲೆಗೇ ಸೇರದೆ ಉಳಿದ ಮಗು ಯಾವಾಗ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಮರಳುವ ಬಾಗಿಲು ತೆರೆದೇ ಇದೆ.

ಮನೆಯಲ್ಲಿ ಓದಿಸುವುದೆಂದರೆ ನಡುಮನೆಯಲ್ಲಿ ಕರಿಹಲಗೆ ತೂಗುಹಾಕಿ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಪೀರಿಯಡ್ಡುಗಳನ್ನು ನಡೆಸುವುದೆಂದು ಹಲವರು ತಿಳಿದಿದ್ದಾರೆ. ಹೊಸದಾಗಿ ಈ ದಾರಿ ಹಿಡಿದವರೂ ಹಾಗೇ ಶುರುಮಾಡಿ ಬೇಗ ದಣಿಯುತ್ತಾರೆ. ಶಾಲೆಯ ದಿನ ಅಷ್ಟು ಉದ್ದವಾಗಿರುವುದು ಮೂವತ್ತು ನಲವತ್ತು ಮಕ್ಕಳನ್ನು ಒಟ್ಟಿಗೆ ಕರೆದುಕೊಂಡು ಹೋಗಬೇಕಾದ್ದರಿಂದ. ಹಾಜರಿ, ಸಾಲು, ಕಾಯುವಿಕೆ ಎಲ್ಲವೂ ಅದರೊಳಗೆ ಸೇರಿವೆ. ಒಂದೋ ಎರಡೋ ಮಕ್ಕಳಿರುವ ಮನೆಯಲ್ಲಿ ಕೂತು ಮಾಡುವ ಲೆಕ್ಕ, ಓದು, ಬರಹಕ್ಕೆ ಬೆಳಗಿನ ಎರಡು ಮೂರು ಗಂಟೆ ಬೇಕಾದಷ್ಟಾಯಿತು. ಉಳಿದ ಹೊತ್ತು ಆಟಕ್ಕೆ, ಮನೆಗೆಲಸಕ್ಕೆ, ತನಗೆ ಬೇಕಾದ್ದನ್ನು ಮಾಡುತ್ತ ಕೂರುವುದಕ್ಕೆ. ‘ಹೌ ಚಿಲ್ಡ್ರನ್ ಫೇಲ್’ ಎಂಬ ಪುಸ್ತಕವನ್ನು 1964ರಲ್ಲಿ ಬರೆದ ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ ಮುಂದೆ ಮನೆಕಲಿಕೆಯ ಪರವಾಗಿ 1977ರಲ್ಲಿ ಪತ್ರಿಕೆಯನ್ನೇ ಹೊರತಂದರು. ತಪ್ಪಾದೀತೆಂಬ ಹೆದರಿಕೆಯಲ್ಲಿ ಮಗು ಯೋಚಿಸುವುದನ್ನು ಬಿಟ್ಟು ಉತ್ತರ ಊಹಿಸಲು ಹೊರಡುತ್ತದೆ ಎಂಬುದು ಅವರು ತರಗತಿಯಲ್ಲೇ ಕಂಡ ಸಂಗತಿ. ನಮ್ಮ ನಾಡಿಗೂ ಇದು ಪೂರ್ತಿ ಹೊಸದಲ್ಲ. ಕುವೆಂಪು ಅವರ ಮೊದಲ ಪಾಠಗಳು ದಕ್ಷಿಣ ಕನ್ನಡದಿಂದ ಕರೆಸಿದ ಐಗಳಿಂದ ಮನೆಯಲ್ಲೇ ನಡೆದು, ಆಮೇಲೆ ಅವರು ತೀರ್ಥಹಳ್ಳಿಯ ಶಾಲೆ ಸೇರಿದರು.

ಕಲಿಯಲು ಬೇಕಾದ ಸಾಮಗ್ರಿಗೆ ಕೊಪ್ಪದ ಸುತ್ತಮುತ್ತ ಕೊರತೆಯಿಲ್ಲ. ಕಬ್ಬಿನ ಬಿಲ್ಲನ್ನೇ ತೆಗೆದುಕೊಳ್ಳಿ. 2024–25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಮಾಡಿದ್ದು ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 340 ರೂಪಾಯಿ. ಅದರ ಮೇಲೆ ಪ್ರತಿ ಶೇ 0.1ಕ್ಕೆ 3.32 ರೂಪಾಯಿ ಹೆಚ್ಚು. ಇಳುವರಿ ಶೇ 11.25 ಬಂದರೆ ಟನ್ನಿಗೆ ಎಷ್ಟಾಯಿತು? 3,732 ರೂಪಾಯಿ. ಅದರಲ್ಲಿ ಕಟಾವು, ಸಾಗಣೆ ಕಳೆದು ರೈತನ ಕೈಗೆ ಉಳಿಯುವುದೆಷ್ಟು? ಶೇಕಡಾವಾರು, ದಶಮಾಂಶ, ಸರಳ ಬೀಜಗಣಿತ ಮೂರೂ ಈ ಒಂದು ಚೀಟಿಯಲ್ಲಿವೆ. ಊರಿನ ಎನ್‌ಎಸ್‌ಎಲ್ ಸಕ್ಕರೆ ಕಾರ್ಖಾನೆಗೆ ಗಾಡಿ ಕಳಿಸುವ ಮನೆಯ ಮಗುವಿಗೆ ಅದು ಪುಸ್ತಕದ ಲೆಕ್ಕವಲ್ಲ, ಮನೆಯ ಲೆಕ್ಕ. ಆಲೆಮನೆಗೆ ಹೋದರೆ ರಸಾಯನಶಾಸ್ತ್ರ: ಕಬ್ಬಿನ ಹಾಲು ತುಸು ಆಮ್ಲೀಯ, ಹುಳಿ ಮುರಿಯಲು ಸುಣ್ಣ ಹಾಕುತ್ತಾರೆ, ಕಡಿದ ಕಬ್ಬನ್ನು ದಿನಗಟ್ಟಲೆ ಬಿಟ್ಟರೆ ಅದರ ಸಕ್ಕರೆ ಒಡೆದು ಬೆಲ್ಲ ಸರಿಯಾಗಿ ಗಟ್ಟಿಯಾಗುವುದಿಲ್ಲ. ಡೇರಿಯಲ್ಲಿ ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ಹಾಲಿಗೆ ದರ ಕಟ್ಟುವುದು ಇನ್ನೊಂದು ಪಾಠ. ಕನ್ನಂಬಾಡಿಯ 124.80 ಅಡಿ ಮಟ್ಟದಲ್ಲಿ ಸುಮಾರು 49 ಟಿಎಂಸಿ ನೀರು ನಿಂತರೂ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಜಮೀನಿಗೆ ಅದು ತಲುಪಲು ಏಕೆ ತಡವಾಗುತ್ತದೆ ಎಂದು ವಿಚಾರಿಸಹೊರಟರೆ ಭೂಗೋಳ, ಇತಿಹಾಸ, ರಾಜಕೀಯ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ. ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನು ಒಂದು ಹಂಗಾಮು ಪೂರ್ತಿ ಗಮನಿಸಿ ಬರೆದಿಟ್ಟ ಮಗುವಿಗೆ ಜೀವಶಾಸ್ತ್ರದ ಅಡಿಪಾಯ ಬಿದ್ದಂತೆಯೇ.

ಆದರೆ ಆಲೆಮನೆ ತಾನಾಗಿ ಪಾಠ ಹೇಳುವುದಿಲ್ಲ. ‘ಸುಣ್ಣ ಯಾಕೆ ಹಾಕಿದರು?’ ಎಂದು ಕೇಳುವ, ಮಗು ಕೇಳಿದಾಗ ಕೆಲಸ ನಿಲ್ಲಿಸಿ ಕೂರುವ ಒಬ್ಬರು ಪಕ್ಕದಲ್ಲಿರಬೇಕು. ಕೋವಿಡ್ ಕಾಲ ಇದನ್ನು ಕಠೋರವಾಗಿ ತೋರಿಸಿಕೊಟ್ಟಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳಲ್ಲಿ ಚಿಕ್ಕ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು 2021ರ ಆರಂಭದಲ್ಲಿ ಪರೀಕ್ಷಿಸಿದಾಗ, ಶೇ 92ರಷ್ಟು ಮಕ್ಕಳು ಹಿಂದೆ ಬರುತ್ತಿದ್ದ ಒಂದಾದರೂ ಭಾಷಾ ಕೌಶಲವನ್ನು, ಶೇ 82ರಷ್ಟು ಮಕ್ಕಳು ಒಂದಾದರೂ ಗಣಿತ ಕೌಶಲವನ್ನು ಕಳೆದುಕೊಂಡಿದ್ದರು. ಆ ಮಕ್ಕಳೆಲ್ಲ ಮನೆಯಲ್ಲೇ ಇದ್ದವರು. ಹೊಟ್ಟೆಪಾಡಿಗೆ ದುಡಿಯುವ ಅಪ್ಪ ಅಮ್ಮನಿಗೆ ಕೊಡಲು ಹೊತ್ತಿರಲಿಲ್ಲ, ಅಷ್ಟೆ. ಇನ್ನೊಂದು ನಿದರ್ಶನ ಗಾಂಧೀಜಿಯದೇ. ದಕ್ಷಿಣ ಆಫ್ರಿಕದಲ್ಲಿ ಅವರು ಗಂಡುಮಕ್ಕಳನ್ನು ಶಾಲೆಗೆ ಕಳಿಸದೆ ತಾವೇ ಕಲಿಸಲು ಹೊರಟರು. ಸಾರ್ವಜನಿಕ ಕೆಲಸದ ನಡುವೆ ಬೇಕಾದಷ್ಟು ಹೊತ್ತು ಕೊಡಲಾಗಲಿಲ್ಲ ಎಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಹಿರಿಯ ಮಗ ಹರಿಲಾಲ್‌ಗೆ ಆ ಕೊರಗು ಹೋಗಲೇ ಇಲ್ಲ. ಶೀಲ, ಶ್ರಮ, ಆದರ್ಶ ಯಾವುದಕ್ಕೂ ಕೊರತೆಯಿಲ್ಲದ ಮನೆಯಲ್ಲೂ ಹೀಗಾಯಿತು.

ಮನೆಯ ಮಕ್ಕಳು ನಾಲ್ಕು ಜನರೊಡನೆ ಬೆರೆಯುವುದನ್ನು ಕಲಿಯುವುದಿಲ್ಲ ಎಂಬ ಆಕ್ಷೇಪ ಎಲ್ಲರ ಬಾಯಲ್ಲೂ ಇದೆ. ಮಾತಾಡಲು ಬರುವುದಿಲ್ಲ ಎಂಬರ್ಥದಲ್ಲಾದರೆ ಅದಕ್ಕೆ ಹೆಚ್ಚು ತೂಕವಿಲ್ಲ. ಸಂತೆಗೂ ಡೇರಿಗೂ ಗದ್ದೆಗೂ ಹೋಗುವ ಮಗು ಎಲ್ಲ ವಯಸ್ಸಿನವರೊಡನೆ ಮಾತಾಡುತ್ತದೆ. ಆದರೆ ಆ ಆಕ್ಷೇಪದೊಳಗೆ ಜಾತಿಯ ಪ್ರಶ್ನೆ ಅಡಗಿದೆ, ಅದನ್ನು ತಳ್ಳಿಹಾಕಲಾಗದು. ಬೇರೆ ಬೇರೆ ಕೇರಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ಬಿಸಿಯೂಟ ಮಾಡುವ ಜಾಗ ಹಳ್ಳಿಯಲ್ಲಿ ಸರ್ಕಾರಿ ಶಾಲೆಯೊಂದೇ. ಜಮೀನುಳ್ಳವರ ಮನೆಯ ಮಗು ಆ ಪಂಕ್ತಿಯಿಂದ ಹೊರಗುಳಿದರೆ, ಎಷ್ಟೇ ಒಳ್ಳೆಯ ಪುಸ್ತಕ ಓದಿದರೂ ಆ ನಷ್ಟ ತುಂಬುವುದಿಲ್ಲ. ಇದಕ್ಕಿಂತ ನೋವಿನದು ಹೆಣ್ಣುಮಕ್ಕಳ ವಿಚಾರ. ‘ಮನೆಯಲ್ಲೇ ಇರಲಿ ಬಿಡಿ’ ಎಂಬ ಮಾತಿನಲ್ಲೇ ನಮ್ಮ ಕಡೆ ಎಷ್ಟೋ ಹುಡುಗಿಯರ ಓದು ಮುಗಿದಿದೆ. ತಮ್ಮನನ್ನು ನೋಡಿಕೊಳ್ಳುವುದು, ಕಳೆ ಕೀಳುವುದು, ಆಮೇಲೆ ಬಾಲ್ಯವಿವಾಹ. ಮನೆಕಲಿಕೆ ಎಂಬ ಹೊಸ ಹೆಸರು ಆ ಹಳೆಯ ಅನ್ಯಾಯಕ್ಕೆ ಮರೆಯಾಗಬಾರದು. ಜರ್ಮನಿಯಲ್ಲಿ ಶಾಲಾ ಹಾಜರಿ ಕಡ್ಡಾಯ, ಅದನ್ನು ಪ್ರಶ್ನಿಸಿದ ಕುಟುಂಬವೊಂದರ ದೂರನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2006ರಲ್ಲಿ ತಳ್ಳಿಹಾಕಿತು. ಮಕ್ಕಳು ಸಮಾಜದಿಂದ ಬೇರೆಯಾಗಿ ಬೆಳೆಯಬಾರದೆಂಬ ಚಿಂತೆ ಅದರ ಹಿಂದಿತ್ತು.

ಅಷ್ಟರಿಂದ ನಿಷೇಧವೇ ಮದ್ದು ಎನ್ನಲಾರೆ. ತರಗತಿಯ ಗದ್ದಲದಲ್ಲಿ ಮಂಕಾಗುವ ಮಗು, ಕಾಯಿಲೆಯಿಂದ ತಿಂಗಳುಗಟ್ಟಲೆ ರಜೆ ಹಾಕಬೇಕಾದ ಮಗು, ಒಂದೇ ವಿಷಯದಲ್ಲಿ ಮುಳುಗಿಹೋಗುವ ಮಗು, ಇವರಿಗೆ ಮನೆ ನಿಜಕ್ಕೂ ಒಳ್ಳೆಯ ಜಾಗವಾಗಬಲ್ಲದು. ಬೇಕಾದದ್ದು ಹೊರಗಿನ ಕಣ್ಣು. ಮನೆಯಲ್ಲಿ ಕಲಿಸುವವರು ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮಗುವಿನ ಹೆಸರು ಬರೆಸಲಿ. ವರ್ಷಕ್ಕೆರಡು ಸಲ ಶಿಕ್ಷಕರೊಬ್ಬರು ತಂದೆತಾಯಿ ಎದುರಿಗಿಲ್ಲದೆ ಮಗುವಿನೊಡನೆ ಕೂತು ಏನು ಓದಿದೆ, ದಿನ ಹೇಗೆ ಕಳೆಯುತ್ತದೆ, ಶಾಲೆಗೆ ಬರುವ ಮನಸ್ಸಿದೆಯೇ ಎಂದು ಕೇಳಲಿ. ಬದಲಿಗೆ ಶಾಲೆ ತನ್ನ ಆಟದ ಮೈದಾನ, ಪ್ರಯೋಗಾಲಯ, ಬಿಸಿಯೂಟದ ಪಂಕ್ತಿಯನ್ನು ವಾರಕ್ಕೆರಡು ದಿನವಾದರೂ ಆ ಮಗುವಿಗೆ ತೆರೆಯಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಡುತ್ತಿವೆ. ಅಲ್ಲಿ ಶಾಲೆಯ ಮಕ್ಕಳೂ ಮನೆಯ ಮಕ್ಕಳೂ ಒಂದೇ ಮೇಜಿಗೆ ಬರಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ಶಿಕ್ಷಣ ಇಲಾಖೆಯ ಒಂದು ಸ್ಪಷ್ಟ ಸುತ್ತೋಲೆ ಸಾಕು. ಅದು ಬರುವವರೆಗೂ ಈ ದಾರಿ ಹಿಡಿಯಬೇಕೆನ್ನುವ ಮನೆಯವರು ತಾವಾಗಿಯೇ ಮುಖ್ಯೋಪಾಧ್ಯಾಯರನ್ನು ಕಂಡು ಮಾತಾಡಬಹುದು, ಮಗುವನ್ನೂ ಜೊತೆಗೆ ಕರೆದುಕೊಂಡು.