ಮೇಲಿಂಗ್ ಲಿಸ್ಟ್ ಸ್ಥಳಾಂತರ: ಶಿಲ್ಕು ತಾಳೆಯಾಗದೆ ಹಳೆಯ ಸರ್ವರ್ ಮುಚ್ಚಬೇಡಿ

ವ್ಯಾಪಾರಕ್ಕೆ ಬಂಡವಾಳ ಎಷ್ಟು ಮುಖ್ಯವೋ ಸಕಾಲದಲ್ಲಿ ದೊರೆಯುವ ಮಾಹಿತಿಯೂ ಅಷ್ಟೇ ಮುಖ್ಯ. ವಿಜಯಪುರ ನಗರದ ಕಾಳುಕಡಿ ವರ್ತಕರಿಗೆ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ಒಣದ್ರಾಕ್ಷಿ ವ್ಯವಹಾರಸ್ಥರಿಗೆ ಮತ್ತು ಸಣ್ಣ ಕೈಗಾರಿಕೆಗಳ ಮಾಲೀಕರಿಗೆ ತೆರಿಗೆಯ ಗಡುವು, ಧಾರಣೆಯ ಏರಿಳಿತ, ಮಹಾಸಭೆಯ ನೋಟೀಸು ಇವೆಲ್ಲವೂ ಒಂದು ದಿನ ತಡವಾದರೂ ನಷ್ಟ ತಪ್ಪಿದ್ದಲ್ಲ. ಈ ಕಾರಣಕ್ಕಾಗಿಯೇ ಅನೇಕ ವರ್ತಕ ಸಂಘಗಳು ಮತ್ತು ಸಂಸ್ಥೆಗಳು ಇ-ಮೇಲ್ ಮೂಲಕ ಸದಸ್ಯರಿಗೆ ಸುತ್ತೋಲೆ ಕಳುಹಿಸುವ ಮೇಲಿಂಗ್ ಲಿಸ್ಟ್ ವ್ಯವಸ್ಥೆಯನ್ನು ಅಳವಡಿಸಿಕೊಂಡವು. ಅಂದು ಸ್ಥಾಪಿಸಿದ ಸರ್ವರ್‌ಗಳು ಈಗ ಹಳತಾಗಿವೆ. ಅವುಗಳನ್ನು ಹೊಸ ತಂತ್ರಾಂಶಕ್ಕೆ ಸ್ಥಳಾಂತರಿಸುವುದು ಅನಿವಾರ್ಯವಾಗಿದೆ.

ಈ ಕೆಲಸವನ್ನು ಗಣಕಯಂತ್ರ ತಜ್ಞರಿಗೆ ವಹಿಸಿ ಸುಮ್ಮನಾಗುವುದು ಸಾಮಾನ್ಯ ರೂಢಿ. ಆದರೆ ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಇದು ಹಳೆಯ ಖಾತೆಕೀರ್ದಿಯನ್ನು ಮುಚ್ಚಿ ಹೊಸದನ್ನು ತೆರೆಯುವಂಥ ಕೆಲಸ. ಹಳೆಯ ಪುಸ್ತಕದ ಅಖೇರಿ ಶಿಲ್ಕು ಹೊಸ ಪುಸ್ತಕದ ಆರಂಭದ ಶಿಲ್ಕಿಗೆ ತಾಳೆಯಾಗಲೇಬೇಕು. ಇಲ್ಲಿ ಶಿಲ್ಕು ಎಂದರೆ ಹಣವಲ್ಲ. ಸದಸ್ಯರ ವಿಳಾಸ, ಅವರ ಸಮ್ಮತಿ ಮತ್ತು ಹಿಂದಿನ ಪತ್ರವ್ಯವಹಾರದ ದಾಖಲೆ.

ಹಳೆಯ ಸರ್ವರ್‌ನ ತೊಂದರೆಗಳು

ಮೇಲಿಂಗ್ ಲಿಸ್ಟ್‌ಗಾಗಿ ಬಹುಕಾಲದಿಂದ ಬಳಕೆಯಲ್ಲಿರುವ ಮುಕ್ತ ತಂತ್ರಾಂಶವೆಂದರೆ ಗ್ನೂ ಮೇಲ್‌ಮನ್. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಇದರ 2.1ನೆಯ ಆವೃತ್ತಿ 2002ರ ಕೊನೆಯಲ್ಲಿ ಹೊರಬಂದು ಜಗತ್ತಿನಾದ್ಯಂತ ಹರಡಿತು. ಅದು ಪೈಥಾನ್ 2 ಎಂಬ ಭಾಷೆಯನ್ನು ಅವಲಂಬಿಸಿದೆ. ಆ ಭಾಷೆಗೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಹೊಸದಾಗಿ ಬರೆಯಲಾದ 3ನೆಯ ಆವೃತ್ತಿ 2015ರಲ್ಲೇ ಬಂದಿದ್ದರೂ ಹಳೆಯದನ್ನೇ ನಡೆಸಿಕೊಂಡು ಬಂದ ಸಂಸ್ಥೆಗಳು ಕಡಿಮೆಯಲ್ಲ.

ಹಳೆಯ ಆವೃತ್ತಿಯ ಇನ್ನೊಂದು ದೋಷವೆಂದರೆ ಸದಸ್ಯರ ಗುಪ್ತಪದಗಳನ್ನು ಅದು ಮರೆಮಾಚದೆ ಹಾಗೆಯೇ ಇಟ್ಟುಕೊಳ್ಳುತ್ತದೆ. ಪ್ರತಿ ತಿಂಗಳ ಮೊದಲ ದಿನ ಆ ಗುಪ್ತಪದವನ್ನೇ ಇ-ಮೇಲ್‌ನಲ್ಲಿ ನೆನಪಿಸುವ ಪದ್ಧತಿಯೂ ಅದರಲ್ಲಿತ್ತು. ಅದೇ ಗುಪ್ತಪದವನ್ನು ಬೇರೆಡೆಯೂ ಬಳಸುವ ವ್ಯಾಪಾರಿಗೆ ಇದು ತಿಜೋರಿಯ ಕೀಲಿಯನ್ನು ಕಾರ್ಡಿನ ಮೇಲೆ ಬರೆದು ಅಂಚೆಗೆ ಹಾಕಿದಂತೆ.

ಮೂರನೆಯದು ಪತ್ರಗಳು ತಲುಪದಿರುವ ತೊಂದರೆ. ಇಂದು ಇ-ಮೇಲ್‌ಗೆ ಮೂರು ಬಗೆಯ ಗುರುತುಪತ್ರಗಳು ಬೇಕು. ಎಸ್‌ಪಿಎಫ್ ಎಂಬುದು ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಅಧಿಕಾರವುಳ್ಳ ಸರ್ವರ್‌ಗಳ ಪಟ್ಟಿ. ಬ್ಯಾಂಕಿಗೆ ಕೊಡುವ ಅಧಿಕೃತ ಸಹಿದಾರರ ಪಟ್ಟಿಯಂತೆ. ಡಿಕಿಮ್ ಎಂಬುದು ಪ್ರತಿ ಪತ್ರದ ಮೇಲಿನ ಮೊಹರು. ಇವೆರಡೂ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂಬ ಸೂಚನೆಯೇ ಡಿಮಾರ್ಕ್. ಮೇಲಿಂಗ್ ಲಿಸ್ಟ್ ತಂತ್ರಾಂಶವು ವಿಷಯದ ಸಾಲಿಗೆ ಸಂಘದ ಹೆಸರನ್ನೋ ಪತ್ರದ ಕೊನೆಗೆ ಎರಡು ಸಾಲನ್ನೋ ಸೇರಿಸಿದ ಕೂಡಲೇ ಮೂಲ ಮೊಹರು ಒಡೆಯುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ ಸಂಸ್ಥೆಯು ತನ್ನ ವಿಳಾಸಗಳ ಇಂಥ ಪತ್ರಗಳನ್ನು ತಿರಸ್ಕರಿಸುವಂತೆ ಸೂಚನೆ ಹೊರಡಿಸಿದಾಗ ಜಗತ್ತಿನ ಅನೇಕ ಲಿಸ್ಟ್‌ಗಳು ಏರುಪೇರಾದವು. ಆ ಬಳಿಕ ಬಂದ ಆವೃತ್ತಿಗಳು ಕಳುಹಿಸಿದವರ ಜಾಗದಲ್ಲಿ ಲಿಸ್ಟ್‌ನ ವಿಳಾಸವನ್ನೇ ಹಾಕಿ ಈ ತೊಡಕನ್ನು ಪರಿಹರಿಸಬಲ್ಲವು. ಅದಕ್ಕೂ ಮೊದಲು ಸ್ಥಾಪಿಸಿ ಕೈಬಿಟ್ಟ ಸರ್ವರ್‌ಗಳಲ್ಲಿ ಆ ಅನುಕೂಲವಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ನಿಯಮಗಳು ಮತ್ತಷ್ಟು ಬಿಗಿಯಾಗಿವೆ. ಎಲ್ಲ ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಕಡ್ಡಾಯ. ಸ್ಪ್ಯಾಮ್ ಎಂಬ ದೂರಿನ ಪ್ರಮಾಣ ಶೇ. 0.3 ಮುಟ್ಟಬಾರದು.

ವಾಟ್ಸಾಪ್ ಸಾಲದೇ?

ಇದು ಅನೇಕ ವರ್ತಕ ಮಿತ್ರರ ಪ್ರಶ್ನೆ. ದಿನನಿತ್ಯದ ಧಾರಣೆ ತಿಳಿಸಲು ವಾಟ್ಸಾಪ್ ಉತ್ತಮವೇ ಸರಿ. ಆದರೆ ಗುಂಪಿನಲ್ಲಿ 1,024 ಸದಸ್ಯರ ಮಿತಿಯಿದೆ. ಒಬ್ಬರ ದೂರವಾಣಿ ಸಂಖ್ಯೆ ಉಳಿದವರಿಗೆಲ್ಲ ಕಾಣುತ್ತದೆ. ಬ್ರಾಡ್‌ಕಾಸ್ಟ್ ಮೂಲಕ ಕಳುಹಿಸಿದರೆ ನಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಎಂಟು ವರ್ಷಗಳ ಹಿಂದಿನ ಸುತ್ತೋಲೆಯನ್ನು ಅಲ್ಲಿ ಹುಡುಕಿ ತೆಗೆಯುವುದು ಕಷ್ಟ. ವಿಧ್ಯುಕ್ತ ನೋಟೀಸಿಗೆ ಇ-ಮೇಲ್‌ನ ಸ್ಥಾನವನ್ನು ಅದು ತುಂಬಲಾರದು.

ಯಾಹೂ ಗ್ರೂಪ್ಸ್ ಕಲಿಸಿದ ಪಾಠ

ಸ್ಥಳಾಂತರವನ್ನು ಮುಂದೂಡುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ಯಾಹೂ ಗ್ರೂಪ್ಸ್ ಒಳ್ಳೆಯ ನಿದರ್ಶನ. 2000ರ ದಶಕದಲ್ಲಿ ನಮ್ಮ ದೇಶದ ಎಷ್ಟೋ ವೃತ್ತಿನಿರತರ ಹಾಗೂ ಹೊರನಾಡ ಕನ್ನಡಿಗರ ಬಳಗಗಳು ಈ ಉಚಿತ ಸೇವೆಯನ್ನು ನೆಚ್ಚಿಕೊಂಡಿದ್ದವು. 2019ರ ಅಕ್ಟೋಬರ್ 28ರಿಂದ ಅಲ್ಲಿ ಹೊಸ ವಿಷಯ ಸೇರಿಸುವುದನ್ನು ನಿಲ್ಲಿಸಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹಳೆಯ ಸಂಗ್ರಹವನ್ನು ತೆಗೆದುಹಾಕುವುದಾಗಿ ಪ್ರಕಟಣೆ ಹೊರಟಿತು. 2020ರ ಡಿಸೆಂಬರ್ 15ರಂದು ಸೇವೆಯೇ ಮುಚ್ಚಿತು. ಸಕಾಲದಲ್ಲಿ ಪ್ರತಿ ಮಾಡಿಕೊಳ್ಳದವರು ವರ್ಷಾನುಗಟ್ಟಲೆಯ ಪತ್ರವ್ಯವಹಾರವನ್ನು ಕಳೆದುಕೊಂಡರು.

ಇದಕ್ಕೆ ಪ್ರತಿಯಾಗಿ ಕೇಂದ್ರ ಸರ್ಕಾರದ ಉದಾಹರಣೆ ನೋಡಿ. ಎನ್‌ಐಸಿ ನಡೆಸುತ್ತಿದ್ದ ಸುಮಾರು 12 ಲಕ್ಷ ನೌಕರರ ಇ-ಮೇಲ್ ಖಾತೆಗಳು ಈಚಿನ ವರ್ಷಗಳಲ್ಲಿ ಜೋಹೋ ವೇದಿಕೆಗೆ ಸ್ಥಳಾಂತರಗೊಂಡವು. ವಿಳಾಸದ ಸರ್ಕಾರಿ ಡೊಮೇನ್ ಮಾತ್ರ ಬದಲಾಗಲಿಲ್ಲ. ಅಂಗಡಿಯ ಕಟ್ಟಡ ಬದಲಾದರೂ ಫಲಕ ನಮ್ಮದೇ ಆಗಿರಬೇಕೆಂಬುದು ಇದರ ತಾತ್ಪರ್ಯ. ಡೊಮೇನ್ ಹೆಸರು ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಿದೆಯೇ, ಸೇವೆ ಒದಗಿಸುವವರ ಹೆಸರಿನಲ್ಲಿದೆಯೇ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಪರಿಶೀಲಿಸತಕ್ಕದ್ದು.

ಶಿಲ್ಕು ತಾಳೆ ನೋಡುವ ಬಗೆ

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಒಂದು ಸಂಘದ ಹಳೆಯ ಸರ್ವರ್‌ನಲ್ಲಿ ಒಟ್ಟು 512 ವಿಳಾಸಗಳಿವೆ ಎನ್ನೋಣ. ಇವುಗಳ ವಿವರ ಹೀಗಿದೆ:

ಪತ್ರ ತಲುಪುತ್ತಿರುವವರು – 431
ತಾವಾಗಿಯೇ ಪತ್ರ ನಿಲ್ಲಿಸಿಕೊಂಡವರು – 38
ಪತ್ರ ಹಿಂದಿರುಗಿದ್ದರಿಂದ ತಂತ್ರಾಂಶವೇ ನಿಲ್ಲಿಸಿದ ವಿಳಾಸಗಳು – 43

ಹೊಸ ಸರ್ವರ್‌ನಲ್ಲಿಯೂ 512 ಎಂದು ಕಂಡ ಮಾತ್ರಕ್ಕೆ ಕೆಲಸ ಸರಿಯಾಯಿತೆಂದು ತಿಳಿಯಬಾರದು. ವಿಳಾಸಗಳನ್ನು ಕೇವಲ ನಕಲು ಮಾಡಿ ಅಂಟಿಸಿದ್ದರೆ 512 ಜನರಿಗೂ ಪತ್ರ ಹೊರಡುತ್ತದೆ. ಬೇಡವೆಂದ 38 ಜನರಿಗೆ ಪುನಃ ಪತ್ರ ಬಂದಾಗ ಅವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಸತ್ತ 43 ವಿಳಾಸಗಳಿಂದ ಪತ್ರ ಹಿಂದಿರುಗುತ್ತದೆ. ಹೊಸ ಸರ್ವರ್‌ನ ಹೆಸರು ಮೊದಲ ವಾರದಲ್ಲೇ ಕೆಟ್ಟು, ಉಳಿದ 431 ಜನರ ಪತ್ರಗಳೂ ಸ್ಪ್ಯಾಮ್ ಪೆಟ್ಟಿಗೆ ಸೇರುವ ಸಂಭವವಿದೆ. ಒಟ್ಟು ಮೊತ್ತ ಹೊಂದಿದರೂ ತಾಳೆಪಟ್ಟಿಯೊಳಗೆ ತಪ್ಪು ಅಡಗಿರಬಹುದೆಂಬುದು ಲೆಕ್ಕ ಬರೆಯುವವರಿಗೆಲ್ಲ ತಿಳಿದ ಸಂಗತಿ. ಮೇಲ್‌ಮನ್ 3ರಲ್ಲಿ ಹಳೆಯ ಸಂರಚನಾ ಕಡತವನ್ನೇ ಓದಿ ಸದಸ್ಯರನ್ನೂ ಅವರ ಆಯ್ಕೆಗಳನ್ನೂ ಒಟ್ಟಿಗೆ ತರುವ ಇಂಪೋರ್ಟ್21 ಎಂಬ ಆದೇಶವಿದೆ. ಅದನ್ನೇ ಬಳಸುವಂತೆ ತಜ್ಞರಿಗೆ ತಿಳಿಸಿ; ಮುಗಿದ ಮೇಲೆ ಮೂರೂ ಸಂಖ್ಯೆಗಳನ್ನು ಬೇರೆಬೇರೆಯಾಗಿ ತಾಳೆ ನೋಡಿ.

ಹಳೆಯ ಪತ್ರಗಳ ಸಂಗ್ರಹಕ್ಕೂ ಇದೇ ನಿಯಮ. ಹಳೆಯ ಪದ್ಧತಿಯಲ್ಲಿ ಎಲ್ಲ ಪತ್ರಗಳೂ ಎಂಬಾಕ್ಸ್ ಎಂಬ ಒಂದೇ ಉದ್ದನೆಯ ಕಡತದಲ್ಲಿರುತ್ತವೆ. ‘ಫ್ರಮ್’ ಎಂಬ ಇಂಗ್ಲಿಷ್ ಪದದಿಂದ ಆರಂಭವಾಗುವ ಸಾಲೇ ಅಲ್ಲಿ ಹೊಸ ಪತ್ರದ ಗುರುತು. ಯಾರಾದರೂ ಪತ್ರದ ಒಳಗೆ ಅದೇ ಪದದಿಂದ ಸಾಲು ಆರಂಭಿಸಿದ್ದರೆ ಒಂದು ಪತ್ರ ಎರಡಾಗಿ ಒಡೆಯಬಹುದು. 6,240 ಪತ್ರಗಳಿದ್ದಲ್ಲಿ 6,251 ಎಂದು ಬಂದರೆ ಆ 11ರ ಕಾರಣ ಹುಡುಕಿ, ಸರಿಪಡಿಸಿ, ಬಳಿಕವೇ ಒಪ್ಪಿಗೆ ನೀಡಬೇಕು.

ನಮ್ಮ ಜಿಲ್ಲೆಯ ವಿಶೇಷ ಸಂಗತಿಗಳು

2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ತಿಕೋಟಾ ಮತ್ತು ಬಬಲೇಶ್ವರ ಸೇರಿದವು. ಆದ್ದರಿಂದ ಹಳೆಯ ಸದಸ್ಯರ ಪಟ್ಟಿಯಲ್ಲಿ ಒಬ್ಬರೇ ಸದಸ್ಯರು ಒಂದು ಕಡೆ ಬಿಜಾಪುರ ತಾಲ್ಲೂಕಿನವರಾಗಿ, ಇನ್ನೊಂದು ಕಡೆ ತಿಕೋಟಾ ತಾಲ್ಲೂಕಿನವರಾಗಿ ಎರಡು ಬಾರಿ ದಾಖಲಾಗಿರುವ ಸಾಧ್ಯತೆಯಿದೆ. ತಾಲ್ಲೂಕುವಾರು ಸುತ್ತೋಲೆ ಕಳುಹಿಸುವ ಸಂಘಗಳಿಗೆ ಇದು ತೊಡಕು. ಇಂಥ ಪುನರಾವರ್ತನೆಯನ್ನು ಹಳೆಯ ಸರ್ವರ್‌ನಲ್ಲೇ ಸರಿಪಡಿಸಿ, ತಿದ್ದುಪಡಿಗಳ ಪಟ್ಟಿಗೆ ಪದಾಧಿಕಾರಿಗಳ ಸಹಿ ಪಡೆದು, ನಂತರ ಸ್ಥಳಾಂತರಿಸುವುದು ಲೇಸು.

ಎರಡನೆಯದು ಅಕ್ಷರಗಳ ತೊಡಕು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಸುತ್ತೋಲೆಗಳು ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ; ಹೊಸ ಸಂಗ್ರಹದಲ್ಲಿ ಕನ್ನಡ ಪದ ಹಾಕಿ ಹುಡುಕಿದರೆ ಅವು ದೊರೆಯುವುದಿಲ್ಲ. ಅವುಗಳ ಯೂನಿಕೋಡ್ ಪ್ರತಿಯನ್ನು ಮಾಡಿಕೊಳ್ಳಬೇಕು. ಆದರೆ ಮೂಲ ಕಡತವನ್ನು ಅಳಿಸಬಾರದು ಅಥವಾ ತಿದ್ದಬಾರದು.

ಕಾಯ್ದೆಯ ದೃಷ್ಟಿಯಿಂದ

ಮೂಲವನ್ನು ಏಕೆ ಉಳಿಸಬೇಕೆಂಬುದಕ್ಕೆ ಕಾನೂನಿನ ಕಾರಣವೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆ, ನಮೂದಿಸಬೇಕು. ಸ್ಥಳಾಂತರಕ್ಕೆ ಮುನ್ನವೇ ಹಳೆಯ ಕಡತಗಳ ಹ್ಯಾಶ್ ಮೌಲ್ಯವನ್ನು ಬರೆದಿಟ್ಟರೆ, ಮುಂದೆ ವ್ಯಾಜ್ಯ ಬಂದಾಗ ದಾಖಲೆ ಬದಲಾಗಿಲ್ಲವೆಂದು ತೋರಿಸಲು ಅನುಕೂಲ.

ಕಂಪನಿ ಸ್ವರೂಪದ ಸಂಸ್ಥೆಗಳಿಗೆ 2014ರ ಕಂಪನಿಗಳ (ನಿರ್ವಹಣೆ ಮತ್ತು ಆಡಳಿತ) ನಿಯಮಗಳ 18ನೆಯ ನಿಯಮ ಅನ್ವಯಿಸುತ್ತದೆ. ಇ-ಮೇಲ್ ಮೂಲಕ ಸಭೆಯ ನೋಟೀಸು ಕಳುಹಿಸಿದಾಗ ಒಟ್ಟು ಎಷ್ಟು ಜನರಿಗೆ, ಯಾರುಯಾರಿಗೆ ಕಳುಹಿಸಲಾಯಿತು, ಯಾವುದು ತಲುಪಲಿಲ್ಲ, ಯಾವುದನ್ನು ಮತ್ತೆ ಕಳುಹಿಸಲಾಯಿತು ಎಂಬ ದಾಖಲೆಯನ್ನು ಕಳುಹಿಸಿದ ಪುರಾವೆಯಾಗಿ ಇಟ್ಟುಕೊಳ್ಳಬೇಕು. ಹಳೆಯ ಸರ್ವರ್‌ನೊಂದಿಗೆ ಈ ದಾಖಲೆಯೂ ಅಳಿದುಹೋದರೆ ಸಭೆಯ ಸಿಂಧುತ್ವವನ್ನೇ ಪ್ರಶ್ನಿಸಲು ಅವಕಾಶವಾದೀತು. ಸೊಸೈಟಿಯಾಗಿ ನೋಂದಾಯಿತವಾದ ಸಂಘಗಳು ತಮ್ಮ ನಿಯಮಾವಳಿಯಲ್ಲಿ ನೋಟೀಸಿನ ಬಗ್ಗೆ ಏನಿದೆಯೆಂದು ನೋಡಿಕೊಳ್ಳಬೇಕು.

ಸಮ್ಮತಿಯ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಗಮನಾರ್ಹ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಮೊದಲೇ ಸಮ್ಮತಿ ನೀಡಿದವರಿಗೂ ಅವರ ಮಾಹಿತಿಯನ್ನು ಏತಕ್ಕೆ ಬಳಸಲಾಗುತ್ತಿದೆ ಎಂಬ ತಿಳಿವಳಿಕೆ ಪತ್ರ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಸ್ಥಳಾಂತರದ ಪ್ರಕಟಣೆಯ ಜೊತೆಗೇ ಇದನ್ನೂ ಕಳುಹಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ ಮುಗಿಯುತ್ತವೆ.

ಅನುಸರಿಸಬೇಕಾದ ಕ್ರಮ

1. ಹಳೆಯ ಸರ್ವರ್‌ನ ಸದಸ್ಯರ ಪಟ್ಟಿ, ಸಂರಚನೆ, ಪತ್ರಸಂಗ್ರಹ ಮತ್ತು ಲಾಗ್ ಕಡತಗಳ ಎರಡು ಪ್ರತಿಗಳನ್ನು ತೆಗೆದು, ಒಂದನ್ನು ಕಚೇರಿಯ ಹೊರಗೆ ಇಡಿ.

2. ಹೊಸ ಸರ್ವರ್‌ನಲ್ಲಿ ಮೊದಲು ಪದಾಧಿಕಾರಿಗಳ ವಿಳಾಸಗಳಿಂದ ಪ್ರಯೋಗ ನಡೆಸಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಅಳವಡಿಸಿ.

3. ಮಾರ್ಚ್ ಅಂತ್ಯ, ಮಹಾಸಭೆಯ ನೋಟೀಸಿನ ಅವಧಿ ಮತ್ತು ಒಣದ್ರಾಕ್ಷಿ ಹಂಗಾಮಿನಲ್ಲಿ ಈ ಕೆಲಸ ಬೇಡ.

4. ಹೊಸ ಸರ್ವರ್‌ನಿಂದ ಒಮ್ಮೆಲೇ ಎಲ್ಲರಿಗೂ ಕಳುಹಿಸದೆ ತಂಡತಂಡವಾಗಿ ಕಳುಹಿಸಿ, ಹಿಂದಿರುಗಿದ ಪತ್ರಗಳನ್ನು ಗಮನಿಸಿ.

5. ತಾಳೆಪಟ್ಟಿಗೆ ಕಾರ್ಯದರ್ಶಿಯವರ ಸಹಿಯಾದ ನಂತರವೇ ಗುತ್ತಿಗೆದಾರರ ಕೊನೆಯ ಕಂತು ಪಾವತಿಸಿ. ಈ ಷರತ್ತನ್ನು ಕೆಲಸದ ಆದೇಶದಲ್ಲೇ ಬರೆಯಿರಿ.

6. ಕೆಲವು ತಿಂಗಳು ಹಳೆಯ ಸರ್ವರ್ ಅನ್ನು ಓದಲಷ್ಟೇ ಲಭ್ಯವಿರಿಸಿ, ಅಂತರ್ಜಾಲದ ಸಂಪರ್ಕದಿಂದ ದೂರವಿಡಿ.

ಸದಸ್ಯರ ಕರ್ತವ್ಯವೂ ಇಲ್ಲಿದೆ. ಸಂಘಕ್ಕೆ ಹೊಸ ಇ-ಮೇಲ್ ವಿಳಾಸ ಕೊಡುವ ದಿನವೇ ಜಿಎಸ್‌ಟಿ ಪೋರ್ಟಲ್‌ನಲ್ಲಿರುವ ವಿಳಾಸವನ್ನೂ ಪರಿಶೀಲಿಸಿಕೊಳ್ಳಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೆಯ ಕಲಮಿನಂತೆ ನೋಂದಾಯಿತ ಇ-ಮೇಲ್‌ಗೆ ಕಳುಹಿಸುವುದೂ ನೋಟೀಸು ಜಾರಿಯ ಒಂದು ಮಾನ್ಯ ವಿಧಾನ. ಆ ವಿಳಾಸ ಎಂದೋ ಕೆಲಸ ಬಿಟ್ಟುಹೋದ ಗುಮಾಸ್ತನದಾಗಿದ್ದರೆ ಉತ್ತರಿಸುವ ಗಡುವು ನಮಗೆ ತಿಳಿಯದಂತೆಯೇ ಕಳೆದುಹೋಗುತ್ತದೆ.

ತಂತ್ರಾಂಶ ಇನ್ನು ಹತ್ತು ವರ್ಷಕ್ಕೆ ಮತ್ತೆ ಬದಲಾಗುವುದು ನಿಶ್ಚಿತ. ಆಗ ಈ ಕೆಲಸ ಮಾಡುವವರಿಗೆ ಇಂದಿನ ತಾಳೆಪಟ್ಟಿಯೇ ಆಧಾರವಾಗುತ್ತದೆ. ಆದಕಾರಣ ವರ್ತಕ ಬಂಧುಗಳು ತಮ್ಮ ಸಂಘದ ಮುಂದಿನ ಕಾರ್ಯಕಾರಿ ಸಭೆಯಲ್ಲೇ ಹಳೆಯ ಸರ್ವರ್‌ನ ಆವೃತ್ತಿ ಯಾವುದು, ಡೊಮೇನ್ ಯಾರ ಹೆಸರಿನಲ್ಲಿದೆ ಮತ್ತು ಕೊನೆಯ ಪ್ರತಿ ಯಾವಾಗ ತೆಗೆಯಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸುವುದು ಒಳಿತು.