ಮೊದಲ ಪತ್ರಿಕೆಯ ಬಳ್ಳಾರಿ ನಂಟು

ಜುಲೈ 1 ಬಂತೆಂದರೆ ಪತ್ರಿಕಾ ದಿನ. ಪತ್ರಕರ್ತರಿಗೆ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನಿಸುತ್ತಾರೆ. ಭಾಷಣಗಳಲ್ಲಿ ಹರ್ಮನ್ ಮೊಗ್ಲಿಂಗ್ ಹೆಸರು ಬಂದೇ ಬರುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಅವರು ಹೊರತಂದದ್ದು 1843ರ ಇದೇ ದಿನ. ಆದರೆ ಆ ಪತ್ರಿಕೆಗೂ ನಮ್ಮ ಬಳ್ಳಾರಿಗೂ ಇರುವ ನಂಟು ಯಶವಂತನಗರ, ಹೊಸಪೇಟೆ, ಕಂಪ್ಲಿಯ ಓದುಗರಿಗೆ ಗೊತ್ತಿರಲೇಬೇಕು.

1811ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿದ ಮೊಗ್ಲಿಂಗ್, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಒಲಿದದ್ದು ಕನ್ನಡಕ್ಕೆ. ಅವರ ಪಾಕ್ಷಿಕದಲ್ಲಿ ಊರ ಸುದ್ದಿ, ಸರಕಾರದ ಕಾನೂನು, ಪರದೇಶದ ವರ್ತಮಾನ, ದಾಸರ ಪದ ಎಲ್ಲಕ್ಕೂ ಜಾಗವಿತ್ತು.

ಅದು ಕಲ್ಲಚ್ಚಿನ ಕಾಲ. ಜಿಡ್ಡಿನ ಮಸಿಯಲ್ಲಿ ಪ್ರತಿ ಅಕ್ಷರವನ್ನೂ ಕೈಯಲ್ಲೇ ಬರೆದು ಕಲ್ಲಿನ ಮೇಲೆ ಮೂಡಿಸಬೇಕು. ಕಲ್ಲಿಗೆ ನೀರು ಸವರಿ ಶಾಯಿ ಉರುಳಿಸಿದರೆ, ಒದ್ದೆ ಜಾಗಕ್ಕೆ ಶಾಯಿ ಹತ್ತದೆ ಜಿಡ್ಡಿನ ಗೆರೆಗಳಿಗಷ್ಟೇ ಅಂಟುತ್ತದೆ. ನಮ್ಮ ಒತ್ತು, ದೀರ್ಘಗಳನ್ನೆಲ್ಲ ಹೀಗೆ ಪುಟಗಟ್ಟಲೆ ಬರೆದವರ ತಾಳ್ಮೆಗೆ ಕೈ ಮುಗಿಯಬೇಕು.

ಬಳ್ಳಾರಿಯಲ್ಲಿ ಆಗಲೇ ಅಚ್ಚಿನ ಮೊಳೆ ಜೋಡಿಸುವ ಅನುಕೂಲವಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಅಲ್ಲಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದರು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಬಂತು, ‘ಕನ್ನಡ ಸಮಾಚಾರ’ವಾಯಿತು. ಆಗ ಮಂಗಳೂರು, ಬಳ್ಳಾರಿ ಎರಡೂ ಮದರಾಸು ಪ್ರಾಂತ್ಯದಲ್ಲಿದ್ದವು. ಪಕ್ಕದ ಸಂಡೂರು ಘೋರ್ಪಡೆ ಅರಸರದು, ಮೈಸೂರು ಬೇರೆಯೇ ಸಂಸ್ಥಾನ. ನಾಡು ಹೀಗೆ ಹರಿದು ಹಂಚಿಹೋಗಿದ್ದಾಗ ಇಡೀ ಕನ್ನಡದ ಹೆಸರು ಹೊತ್ತ ಪತ್ರಿಕೆ ನಮ್ಮ ಬಳ್ಳಾರಿಯಲ್ಲಿ ಅಚ್ಚಾಯಿತೆಂಬುದು ಸಣ್ಣ ಮಾತಲ್ಲ. ಪತ್ರಿಕೆ ಬಹುಕಾಲ ಬಾಳಲಿಲ್ಲ, ನಿಜ.

ಮೊಗ್ಲಿಂಗ್ ಅಷ್ಟಕ್ಕೇ ನಿಲ್ಲಲಿಲ್ಲ. ಜೈಮಿನಿ ಭಾರತ, ಬಸವ ಪುರಾಣಗಳನ್ನು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು. ದಾಸರ ಪದಗಳನ್ನು ಜರ್ಮನ್ ಭಾಷೆಗೆ ಒಯ್ದರು. ಕನ್ನಡದ ಈ ಸೇವೆಗಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಎರಡು ದೇಶಗಳನ್ನು ಬೆಸೆದ ಪತ್ರಕರ್ತನಿಗೆ ತವರಿನಲ್ಲಿ ಸಂದ ಮರ್ಯಾದೆ ಅದು. ಅವರು 1881ರಲ್ಲಿ ಎಸ್‌ಲಿಂಗನ್‌ನಲ್ಲಿ ತೀರಿಕೊಂಡರು.

ಮುಂದಿನ ಜುಲೈ 1ರಂದು ನಮ್ಮ ತಾಲ್ಲೂಕುಗಳ ವೇದಿಕೆಗಳಲ್ಲಿ ‘ಕನ್ನಡ ಸಮಾಚಾರ’ದ ಹೆಸರನ್ನೂ ಹೇಳಿ. ಪತ್ರಿಕೋದ್ಯಮ ಓದುವ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಹೇಳಿ.