ಹುಣಸೆಮರದ ಕೆಳಗಿನ ಪಾಠ

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಪ್ರಯಾಣ ಮಾಡಿದವರಿಗೆಲ್ಲ ಪರಿಚಿತವಾದ ದೃಶ್ಯವೊಂದಿದೆ. ಶಾಲೆಯ ಹೆಸರು ಬರೆದ ಬಟ್ಟೆಯನ್ನು ಮುಂದೆ ಕಟ್ಟಿಕೊಂಡ ಬಸ್ಸುಗಳು ಒಂದರ ಹಿಂದೊಂದು ಸಾಗುತ್ತಿರುತ್ತವೆ. ಕಿಟಕಿಗಳಿಂದ ಮಕ್ಕಳ ಹಾಡು, ಕೇಕೆ ಕೇಳಿಬರುತ್ತವೆ. ಕೋಳಿ ಕೂಗುವ ಹೊತ್ತಿಗೆ ಹೊರಟ ಈ ಬಸ್ಸುಗಳು ಶ್ರೀರಂಗಪಟ್ಟಣದ ಕೋಟೆ, ರಂಗನತಿಟ್ಟಿನ ಪಕ್ಷಿಧಾಮ, ಮೈಸೂರಿನ ಮೃಗಾಲಯ, ಅರಮನೆ, ಚಾಮುಂಡಿಬೆಟ್ಟ, ಕತ್ತಲಾದ ಮೇಲೆ ಬೃಂದಾವನದ ಕಾರಂಜಿ, ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಿ ನಡುರಾತ್ರಿಯ ಹೊತ್ತಿಗೆ ಊರು ಸೇರಬೇಕು. ಮರುದಿನ ತರಗತಿಯಲ್ಲಿ ಪ್ರವಾಸದ ಮೇಲೆ ಪ್ರಬಂಧ ಬರೆಯಹೇಳಿದರೆ, ರಂಗನತಿಟ್ಟಿನ ಪಾಲಿಗೆ ಬರುವುದು ಒಂದೇ ವಾಕ್ಯ: ‘ಅಲ್ಲಿ ಬಹಳ ಪಕ್ಷಿಗಳಿದ್ದವು.’

ಮಕ್ಕಳ ಈ ಸಂತೋಷವನ್ನು ನಾನು ಹಳಿಯುವವನಲ್ಲ. ಗೆಳೆಯರೊಡನೆ ಬುತ್ತಿ ಹಂಚಿಕೊಂಡು ಉಂಡ ದಿನ ಎಂದೂ ವ್ಯರ್ಥವಲ್ಲ. ಆದರೆ ವಿಹಾರ ಬೇರೆ, ವೀಕ್ಷಣೆ ಬೇರೆ. ಎರಡನ್ನೂ ಒಂದೇ ಎಂದು ನಾವು ನಂಬಿಕೊಂಡಿರುವುದರಿಂದ, ನಿಸರ್ಗದ ಪಾಠ ಆಗಿಹೋಯಿತೆಂದು ದಾಖಲೆಯಲ್ಲಿ ಬರೆದುಕೊಳ್ಳುತ್ತೇವೆ; ಪಾಠವೋ, ಆರಂಭವೇ ಆಗಿರುವುದಿಲ್ಲ.

ಈ ಪಾಠದ ಅಗತ್ಯವನ್ನು ಅಲ್ಲಗಳೆಯುವವರು ಈಗ ಯಾರೂ ಇಲ್ಲ. 1991ರಲ್ಲಿ ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ನಿರ್ದೇಶಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಕಲಿಕೆಯು ಶಾಲೆಯ ಹೊರಗಿನ ಬದುಕಿನೊಡನೆ ಕೂಡಿಕೊಳ್ಳಬೇಕೆಂದು ಹೇಳಿತು. ಪಠ್ಯಪುಸ್ತಕದಲ್ಲಿ ಪರಿಸರ ಬಂದಿದೆ, ಪರೀಕ್ಷೆಯಲ್ಲಿ ಪ್ರಶ್ನೆಯೂ ಬಂದಿದೆ. ಪ್ರಾಣಿಯ ‘ಆವಾಸ’ ಎಂದರೇನೆಂದು ಕೇಳಿದರೆ ಮಗು ಎರಡು ಸಾಲಿನ ವಿವರಣೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತದೆ. ಆದರೆ ತನ್ನ ಮನೆಯ ಎದುರಿನ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟಿದೆ ಎಂದು ಕೇಳಿದರೆ ತಲೆಯೆತ್ತಿ ನೋಡಿ ನಗುತ್ತದೆ.

ಆವಾಸವೆಂಬ ಆ ದೊಡ್ಡ ಮಾತಿಗೆ ನಮ್ಮಲ್ಲಿ ‘ನೆಲೆ’ ಎಂಬ ಸಣ್ಣ ಮಾತೊಂದಿದೆ. ಒಂದು ಜೀವಿ ಎಲ್ಲಿ ಉಣ್ಣುತ್ತದೆ, ಎಲ್ಲಿ ಮಲಗುತ್ತದೆ, ಎಲ್ಲಿ ಮರಿ ಮಾಡುತ್ತದೆ? ಈ ಮೂರು ಪ್ರಶ್ನೆಗಳ ಉತ್ತರವೇ ಅದರ ನೆಲೆ. ಮೃಗಾಲಯದ ಪಂಜರದ ಮುಂದೆ ನಿಂತ ಮಗುವಿಗೆ ಪ್ರಾಣಿ ಕಾಣುತ್ತದೆ, ನೆಲೆ ಕಾಣುವುದಿಲ್ಲ. ಅಲ್ಲಿ ಮೂರೂ ಪ್ರಶ್ನೆಗಳಿಗೆ ಕಾವಲುಗಾರನೇ ಉತ್ತರ. ನೆಲೆ ಕಾಣಬೇಕಾದರೆ ಜೀವಿ ತಾನೇ ಆರಿಸಿಕೊಂಡ ಜಾಗಕ್ಕೆ ನಾವು ಹೋಗಬೇಕು, ಹೋಗಿ ಕುಳಿತುಕೊಳ್ಳಬೇಕು.

ಅಂಥ ಜಾಗವೊಂದು ಅದೇ ರಸ್ತೆಯ ಪಕ್ಕದಲ್ಲಿಯೇ ಇದೆ. ಮದ್ದೂರು ತಲಪುವ ಮುನ್ನ ಎಡಕ್ಕೆ ಹೊರಳಿ ಸುಮಾರು 12 ಕಿಲೋಮೀಟರ್ ಒಳಗೆ ಹೋದರೆ ಬೆಳ್ಳೂರು ಎಂಬ ಹಳ್ಳಿ ಸಿಗುತ್ತದೆ. ಊರಿನ ಹೆಸರಿನ ಹಿಂದೆ ಹಕ್ಕಿಯ ಹೆಸರೂ ಅಂಟಿಕೊಂಡು ಅದು ಕೊಕ್ಕರೆ ಬೆಳ್ಳೂರು ಆಗಿದೆ. ಅಲ್ಲಿ ಬೇಲಿಯಿಲ್ಲ, ದೋಣಿಯಿಲ್ಲ. ಮನೆಗಳ ಹಿತ್ತಿಲಲ್ಲಿ, ಬೀದಿಯ ಬದಿಯಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಹುಣಸೆ, ಆಲ, ಅರಳಿ ಮರಗಳ ತುದಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಚಳಿಗಾಲದ ಮೊದಲಿಗೆ ಬಂದು, ಮೊಟ್ಟೆಯಿಟ್ಟು, ಮರಿ ಬೆಳೆಸಿ, ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವುಗಳನ್ನು ಕಾಣುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರಿನ ಹೆಜ್ಜಾರ್ಲೆಗಳನ್ನು ಹೊರಲೋಕದ ಗಮನಕ್ಕೆ ತಂದರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಇಲ್ಲಿನ ಒಂದು ಹುಣಸೆಮರದ ಕೆಳಗೆ ಮಕ್ಕಳನ್ನು ಎರಡು ಗಂಟೆ ಕೂರಿಸಿದರೆ ಏನೇನು ಕಾಣುತ್ತದೆ, ನೋಡಿ. ಬೆಳಗಿನ ತಂಪಿನಲ್ಲಿ ದೊಡ್ಡ ಹಕ್ಕಿಗಳು ಹೆಚ್ಚು ಹಾರುವುದಿಲ್ಲ. ಬಿಸಿಲೇರಿ ನೆಲ ಕಾದು ಗಾಳಿ ಮೇಲಕ್ಕೇಳತೊಡಗಿದಾಗ ಅವು ರೆಕ್ಕೆ ಬಿಚ್ಚಿ, ಬಡಿಯದೆಯೇ, ಸುತ್ತು ಸುತ್ತಾಗಿ ಏರುತ್ತವೆ. ಬಿಸಿಗಾಳಿ ಮೇಲೇರುತ್ತದೆಂಬ ವಿಜ್ಞಾನದ ಪಾಠ ಅಲ್ಲಿ ಕಣ್ಣೆದುರು ಹಾರುತ್ತಿರುತ್ತದೆ. ಮೀನು ಹಿಡಿದು ಮರಳಿದ ಹೆಜ್ಜಾರ್ಲೆ ಬಾಯಿ ತೆರೆದಾಗ ಮರಿ ಅದರ ಕೊಕ್ಕಿನ ಚೀಲದೊಳಗೆ ತಲೆಯನ್ನೇ ತೂರಿಸುತ್ತದೆ. ಬೆಳೆದ ಬಣ್ಣದ ಕೊಕ್ಕರೆಗೆ ಹೇಳಿಕೊಳ್ಳುವಂಥ ದನಿಯಿಲ್ಲ. ಅದು ಕೊಕ್ಕನ್ನು ಕಟಕಟನೆ ಬಡಿದು ಮಾತಾಡುತ್ತದೆ. ಗದ್ದಲವೆಲ್ಲ ಮರಿಗಳದು. ಮಧ್ಯಾಹ್ನದ ಉರಿಯಲ್ಲಿ ತಾಯಿಯೋ ತಂದೆಯೋ ರೆಕ್ಕೆಯನ್ನು ಅಗಲಿಸಿ ಮರಿಗಳ ಮೇಲೆ ನೆರಳು ಹಿಡಿದು ನಿಲ್ಲುತ್ತದೆ. ಇವಾವುವೂ ಹತ್ತು ನಿಮಿಷದಲ್ಲಿ ಕಾಣುವಂಥವಲ್ಲ. ಕಾದವರಿಗೆ ಮಾತ್ರ ಕಾಣುವಂಥವು.

ಇನ್ನು ಮೇಲೆ ನೋಡಿದ ಕಣ್ಣನ್ನು ಕೆಳಗೆ ಇಳಿಸಬೇಕು. ಹುಣಸೆ ಹಣ್ಣಾಗುವುದೂ ಬೇಸಿಗೆಯಲ್ಲಿಯೇ, ಹಕ್ಕಿಯ ಸಂಸಾರ ನಡೆಯುವುದೂ ಆಗಲೇ. ಗೂಡಿರುವ ಮರವನ್ನು ಹತ್ತಿ ಹಣ್ಣು ಬಡಿಯುವಂತಿಲ್ಲ; ಹಿಕ್ಕೆ ಬಿದ್ದ ಹಣ್ಣು ಮಾರಾಟಕ್ಕೂ ಬಾರದು. ಮರದ ಒಡೆಯನಿಗೆ ಅದು ನಷ್ಟ. ಆದರೆ ಅದೇ ಹಿಕ್ಕೆ ಒಳ್ಳೆಯ ಗೊಬ್ಬರ. ಮರದಡಿಯ ಮಣ್ಣಿನೊಡನೆ ಅದನ್ನು ಕೂಡಿಸಿ ಹೊಲಕ್ಕೆ ಹಾಕುವುದು ಊರಿನ ಹಳೆಯ ರೂಢಿ. ಬಿಟ್ಟುಕೊಟ್ಟ ಫಸಲಿಗಾಗಿ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರಧನ ಕೊಡುವ ಪದ್ಧತಿಯೂ ಬಂತು. ಇಲ್ಲಿ ಹಕ್ಕಿಯ ನೆಲೆ ಎಂದರೆ ಬರಿಯ ಮರವಲ್ಲ; ಒಂದು ಮನೆತನದ ಲೆಕ್ಕಾಚಾರ, ಅದರ ಜೊತೆಗೆ ಒಂದು ಔದಾರ್ಯ. ಮರ ಕಡಿದು ಮಾರಿದರೆ ಕೈಗೆ ಎಷ್ಟು ಬರುತ್ತದೆ, ಉಳಿಸಿಕೊಂಡರೆ ಎಷ್ಟು ಹೋಗುತ್ತದೆ ಎಂದು ಮಕ್ಕಳು ಮರದ ಒಡತಿಯನ್ನೇ ಕೇಳಲಿ. ‘ಹಾಗಾದರೆ ಯಾಕೆ ಉಳಿಸಿಕೊಂಡಿರಿ, ಅಜ್ಜಿ?’ ಎಂದೂ ಕೇಳಲಿ. ಆ ಉತ್ತರವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು.

ಪಾಠ ಇಲ್ಲಿಗೂ ಮುಗಿಯದು. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಈ ಊರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸತ್ತವು. ಮರಗಳು ಹಾಗೆಯೇ ಇದ್ದವು, ಊರವರ ಅಕ್ಕರೆಯೂ ಹಾಗೆಯೇ ಇತ್ತು. ಪರೀಕ್ಷಿಸಿ ನೋಡಿದಾಗ ಹಕ್ಕಿಗಳ ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕಿದವು. ಈ ಜಂತುವಿನ ಮರಿ ನೀರಿನ ಸೂಕ್ಷ್ಮಜೀವಿಗಳಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ದಾಟುತ್ತದೆ. ಹಕ್ಕಿಯ ಹಿಕ್ಕೆಯೊಡನೆ ಮತ್ತೆ ನೀರು ಸೇರುತ್ತದೆ. ಹಕ್ಕಿ ಮಲಗುವುದು ಬೆಳ್ಳೂರಿನ ಹುಣಸೆಯಲ್ಲಿ. ಉಣ್ಣುವುದು ತೈಲೂರು ಕೆರೆಯಲ್ಲಿ, ಶಿಂಷಾ ಹೊಳೆಯಲ್ಲಿ, ಸುತ್ತಿನ ಇನ್ನೆಷ್ಟೋ ಕೆರೆಗಳಲ್ಲಿ. ಮಲಗುವ ಮನೆಯನ್ನು ಎಷ್ಟು ಜೋಪಾನ ಮಾಡಿದರೂ ಅಡುಗೆಮನೆ ಕೆಟ್ಟರೆ ಸಂಸಾರ ಉಳಿಯುವುದಿಲ್ಲ. ನೆಲೆಯ ಗಡಿ ನಾವು ನೆಟ್ಟ ಫಲಕದ ಬಳಿ ನಿಲ್ಲುವುದಿಲ್ಲವೆಂಬ ಈ ಸತ್ಯವನ್ನು ಮಗು ಮರದಿಂದ ಕೆರೆಯವರೆಗೆ ನಡೆದೇ ತಿಳಿಯಬೇಕು.

ಒಂದು ಭೇಟಿಯಿಂದ ಏನಾದೀತು ಎನ್ನುವವರಿಗೆ ಸಲೀಂ ಅಲಿಯವರ ಬಾಲ್ಯವನ್ನು ನೆನಪಿಸಬೇಕು. ಮುಂಬಯಿಯಲ್ಲಿ ಬೆಳೆದ ಈ ಹುಡುಗ ಆಟದ ಬಂದೂಕಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದ. ಅದರ ಕೊರಳಲ್ಲಿ ಹಳದಿಯ ಗುರುತಿತ್ತು. ಇದು ಯಾವ ಹಕ್ಕಿ ಎಂಬ ಪ್ರಶ್ನೆಯನ್ನು ಹೊತ್ತು ಆತ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ, ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಹುಡುಗನೆಂದು ಅಲಕ್ಷಿಸದೆ ಕಪಾಟುಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ಆ ಹುಡುಗನೇ ಮುಂದೆ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದು, ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಕಂಡು, ಅವುಗಳಿಗೆ ರಕ್ಷಣೆ ಬೇಕೆಂದು ಅರಸರಿಗೆ ಮನದಟ್ಟು ಮಾಡಿದ್ದು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಂದು ಶಾಲೆಯ ಬಸ್ಸುಗಳು ಅಲ್ಲಿ ಅರ್ಧ ಗಂಟೆ ನಿಲ್ಲುತ್ತವೆಯಲ್ಲ, ಆ ಜಾಗದ ಹಿಂದೆ ಒಬ್ಬ ಹುಡುಗನ ಪ್ರಶ್ನೆಯಿದೆ. ಅದಕ್ಕೆ ಸಮಯ ಕೊಟ್ಟ ಒಬ್ಬ ಹಿರಿಯರ ಸಹನೆಯಿದೆ.

ಎಲ್ಲ ಮಕ್ಕಳೂ ಪಕ್ಷಿಶಾಸ್ತ್ರಜ್ಞರಾಗಬೇಕಿಲ್ಲ. ಆದರೆ ಪ್ರಶ್ನೆ ಹುಟ್ಟಲು ಅವಕಾಶವಾಗಬೇಕಾದರೆ ಕೆಲವು ನಿಯಮಗಳು ಬೇಕು. ಒಂದು ದಿನಕ್ಕೆ ಒಂದೇ ಜಾಗ ಸಾಕು. ನೂರು ಮಕ್ಕಳನ್ನು ಒಟ್ಟಿಗೆ ಇಳಿಸುವುದಕ್ಕಿಂತ ಹತ್ತು ಹನ್ನೆರಡು ಮಕ್ಕಳ ಗುಂಪು ಮಾಡಿ, ಗುಂಪಿಗೊಬ್ಬ ಹಿರಿಯರನ್ನು ಕೊಡುವುದು ಲೇಸು. ಹೊರಡುವ ಮುನ್ನ ನಕ್ಷೆ ತೋರಿಸಬೇಕು. ಅಲ್ಲಿ ಪ್ರತಿ ಮಗುವಿನ ಕೈಯಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲ್ ಇರಬೇಕು. ಹೆಸರು ಗೊತ್ತಿಲ್ಲದಿದ್ದರೂ ಚಿತ್ರ ಬರೆಯಬಹುದು. ಚಿತ್ರ ಚೆನ್ನಾಗಿರಬೇಕೆಂಬ ನಿರ್ಬಂಧವಿಲ್ಲ. ಕೊಕ್ಕು ಎಷ್ಟುದ್ದ, ಕಾಲಿನ ಬಣ್ಣ ಯಾವುದು ಎಂದು ಬರೆಯಹೊರಟ ಕಣ್ಣು ತಾನೇ ನೋಡಲು ಕಲಿಯುತ್ತದೆ. ಉಪಾಧ್ಯಾಯರಿಗೆ ಎಲ್ಲ ಹಕ್ಕಿಗಳ ಹೆಸರೂ ತಿಳಿದಿರಬೇಕಿಲ್ಲ. ‘ನನಗೂ ಗೊತ್ತಿಲ್ಲ, ಹುಡುಕೋಣ’ ಎಂಬ ಮಾತು ಗುರುವಿನ ಬಾಯಿಂದ ಬಂದರೆ ಅದೇ ವಿಜ್ಞಾನದ ಮೊದಲ ಪಾಠ.

ಎಚ್ಚರದ ಮಾತೊಂದನ್ನು ಇಲ್ಲಿಯೇ ಹೇಳಬೇಕು. ನೋಡಹೋದವರೇ ನೆಲೆಯನ್ನು ಕೆಡಿಸುವುದೂ ಉಂಟು. ಕೂಗಾಟಕ್ಕೆ ಬೆದರಿ ತಾಯಿಹಕ್ಕಿ ಗೂಡು ಬಿಟ್ಟೆದ್ದರೆ ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ. ಕಾಗೆ ಹದ್ದುಗಳು ಅಂಥ ಗಳಿಗೆಗಾಗಿಯೇ ಕಾದಿರುತ್ತವೆ. ಗೂಡಿನಿಂದ ಗಾಬರಿಯಾಗಿ ಬಿದ್ದ ಮರಿ ಬದುಕುವುದು ಕಷ್ಟ. ಆದ್ದರಿಂದ ದೂರ ನಿಲ್ಲುವುದು, ಮೆಲ್ಲಗೆ ಮಾತಾಡುವುದು, ಕಲ್ಲೆಸೆಯದಿರುವುದು, ತಂದ ಪೊಟ್ಟಣಗಳನ್ನು ಮರಳಿ ಒಯ್ಯುವುದು ಬರಿಯ ಶಿಸ್ತಿನ ನಿಯಮಗಳಲ್ಲ. ಇನ್ನೊಂದು ಜೀವದ ಮನೆಗೆ ಹೋದಾಗ ನಾವು ಅತಿಥಿಗಳೆಂಬ ಅರಿವೂ ಈ ಪಾಠದ ಒಂದು ಅಧ್ಯಾಯವೇ.

ಇಷ್ಟು ಹೇಳಿದ ಮೇಲೂ ನನ್ನನ್ನು ಕಾಡುವ ಸಂಗತಿಯೊಂದು ಉಳಿದಿದೆ. ಪ್ರವಾಸದ ಬಸ್ಸು ಹೊರಟಾಗ ಪ್ರತಿ ತರಗತಿಯಲ್ಲಿಯೂ ನಾಲ್ಕಾರು ಮಕ್ಕಳು ಹಿಂದೆ ಉಳಿಯುತ್ತಾರೆ. ಕಾರಣ ಕೇಳಿದರೆ ‘ಜ್ವರ’ ಎನ್ನುತ್ತಾರೆ, ‘ಊರಿಗೆ ಹೋಗಬೇಕಿತ್ತು’ ಎನ್ನುತ್ತಾರೆ. ನಿಜವಾದ ಕಾರಣ ಪ್ರವಾಸದ ಶುಲ್ಕ. ನಿಸರ್ಗದ ಪಾಠಕ್ಕೆ ಬಸ್ಸು ಬೇಕೇಬೇಕು ಎಂದಾದರೆ ಆ ಪಾಠ ಹಣವಿದ್ದ ಮಕ್ಕಳ ಸೊತ್ತಾಗುತ್ತದೆ.

ಬಸ್ಸು ಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ಕೆರೆಯಿಲ್ಲದ ಊರು ಅಪರೂಪ. ಶಾಲೆಯಿಂದ ನಡೆದು ಹೋಗಬಹುದಾದ ಒಂದು ಕೆರೆಯಲ್ಲಿಯೇ ಎಷ್ಟು ನೆಲೆಗಳಿವೆ, ಎಣಿಸಿ ನೋಡಿ. ಆಳದ ನೀರಿನಲ್ಲಿ ನೀರುಕಾಗೆ ಮುಳುಗಿ ಮೀನು ಹಿಡಿಯುತ್ತದೆ. ಮೊಣಕಾಲುದ್ದದ ಅಂಚಿನ ನೀರಿನಲ್ಲಿ ಬೆಳ್ಳಕ್ಕಿ ಹೆಜ್ಜೆಯಿಡುತ್ತದೆ. ಜೊಂಡಿನ ಮರೆಯಲ್ಲಿ ನೀರುಕೋಳಿ ಗೂಡು ಕಟ್ಟುತ್ತದೆ. ದಡದ ಮಣ್ಣಿನ ಗೋಡೆಯಲ್ಲಿ ಮಿಂಚುಳ್ಳಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಕೆರೆಯನ್ನು ಅಂದಗೊಳಿಸುತ್ತೇವೆಂದು ಜೊಂಡನ್ನು ಕಿತ್ತು, ಅಂಚನ್ನು ಅಗೆದು ಕಡಿದಾಗಿಸಿ, ಸುತ್ತಲೂ ಕಲ್ಲು ಕಟ್ಟಿದರೆ, ನೀರುಕಾಗೆಯೊಂದು ಉಳಿದೀತು. ಮಿಕ್ಕ ಮೂವರ ಮನೆ ಹೋಯಿತು. ನೋಡಿದವರಿಗೆ ನೀರು ತುಂಬಿದ ಕೆರೆ ಚೆನ್ನಾಗಿಯೇ ಕಾಣುತ್ತದೆ. ಏನೋ ಕಳೆದುಹೋಗಿದೆ ಎಂದು ತಿಳಿಯುವುದು, ಮೊದಲು ಅಲ್ಲಿ ಏನಿತ್ತೆಂದು ಕಂಡಿದ್ದವರಿಗೆ ಮಾತ್ರ.

ಮಕ್ಕಳಿಗೆ ನೆಲೆಯನ್ನು ತೋರಿಸಬೇಕಾದ ನಿಜವಾದ ಕಾರಣ ಇದೇ. ಇಂದು ಕೆರೆಯ ದಡದಲ್ಲಿ ಕುಳಿತ ಮಗು ಮುಂದೆ ಪಂಚಾಯಿತಿಯ ಸದಸ್ಯೆಯಾಗಬಹುದು, ಇಂಜಿನಿಯರಾಗಬಹುದು, ಹಿತ್ತಿಲಲ್ಲಿ ಒಂದು ಮರವಿರುವ ಗೃಹಸ್ಥನಾಗಬಹುದು. ಅಂದು ಅವರ ಮುಂದೆ ಒಂದು ಕಾಗದ ಬರುತ್ತದೆ, ಇಲ್ಲವೇ ಒಬ್ಬ ಮರ ಕಡಿಯುವವನು ಬಂದು ನಿಲ್ಲುತ್ತಾನೆ. ಆ ಗಳಿಗೆಯಲ್ಲಿ ನೆರವಿಗೆ ಬರುವುದು ಪರೀಕ್ಷೆಗೆ ಉರುಹೊಡೆದ ಎರಡು ಸಾಲುಗಳಲ್ಲ. ಎಂದೋ ಒಂದು ಮಧ್ಯಾಹ್ನ ತಾನು ಕಣ್ಣಾರೆ ಕಂಡದ್ದು.

ಕೇಳುಗರಲ್ಲಿ ಉಪಾಧ್ಯಾಯರೂ ತಾಯಿತಂದೆಯರೂ ಇದ್ದೀರಿ. ಬರುವ ಡಿಸೆಂಬರಿನಲ್ಲಿ ಪ್ರವಾಸದ ಪಟ್ಟಿ ಸಿದ್ಧವಾಗುವಾಗ ಆರು ಜಾಗಗಳಲ್ಲಿ ಐದನ್ನು ಹೊಡೆದುಹಾಕಿ ನೋಡಿ. ಅದಕ್ಕೂ ಮುನ್ನ, ಒಂದು ಶನಿವಾರ ಬೆಳಿಗ್ಗೆ, ಹಿಂದೆ ಉಳಿಯುವ ಆ ನಾಲ್ಕಾರು ಮಕ್ಕಳನ್ನೂ ಸೇರಿಸಿಕೊಂಡು, ಊರ ಕೆರೆಯವರೆಗೆ ನಡೆದುಹೋಗಿ. ದಾರಿಯಲ್ಲಿ ಅವರನ್ನೇ ಮುಂದೆ ಬಿಡಿ. ಎಮ್ಮೆ ಮೇಯಿಸಲು, ಮೀನು ಹಿಡಿಯಲು ಆ ಕೆರೆಗೆ ಎಷ್ಟೋ ಸಲ ಹೋಗಿರುವವರು ಅವರೇ ಇದ್ದಾರು. ಮಿಂಚುಳ್ಳಿಯ ಬಿಲ ಎಲ್ಲಿದೆ ಎಂಬುದು ಅವರಿಗೆ ಗೊತ್ತಿದ್ದೀತು.